ಜಪ್ತಿ ಪಟ್ಟಿಯ ನಾಲ್ಕನೇ ಸಾಲು

ನಾನೊಂದು ಹೊಲಿಗೆ ಮಿಷನ್ನು. ಹುಟ್ಟಿದ್ದು ಪಂಜಾಬಿನ ಯಾವುದೋ ಸಣ್ಣ ಕಾರ್ಖಾನೆಯಲ್ಲಿ. ಕಬ್ಬಿಣವನ್ನು ಅಚ್ಚಿಗೆ ಹೊಯ್ದು, ಕಪ್ಪು ಬಣ್ಣ ಬಳಿದು, ಮೈಮೇಲೆ ಚಿನ್ನದ ಬಣ್ಣದ ಬಳ್ಳಿ ಬಿಡಿಸಿ, ಹೊಟ್ಟೆಯ ಕೆಳಗೆ ಆರಂಕಿಯ ನಂಬರು ಕೊರೆದು ಕಳಿಸಿದರು. ಮೊದಲು ಸೇರಿದ್ದು ಕೊಳ್ಳೇಗಾಲದ ಒಂದು ಹೊಲಿಗೆ ತರಗತಿಗೆ. ಕಲಿಯಲು ಬಂದ ಹುಡುಗಿಯರು ಸೂಜಿ ಮುರಿದು ನನ್ನನ್ನೇ ಬಯ್ಯುತ್ತಿದ್ದರು. ತರಗತಿ ಮುಚ್ಚಿದಾಗ ಮಸಣಶೆಟ್ಟಿ ಎಂಬ ದರ್ಜಿ ನನ್ನನ್ನು ಕೊಂಡು, ಬಸ್ಸಿನ ಮೇಲೆ ಹಗ್ಗ ಬಿಗಿದು, ಕಾಡಂಚಿನ ತನ್ನೂರು ಜೋಡುಬಾವಿಗೆ ತಂದ.

ಮಸಣಶೆಟ್ಟಿಗೆ ಮಾತು ಕಡಿಮೆ. ಕಾಲು ತುಳಿಯುತ್ತ ಏನೋ ಗುನುಗುವನು. ಅವನ ಹೆಂಡತಿ ದುಂಡಮ್ಮ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಕಾಜ ಹಾಕಿ ಗುಂಡಿ ಹೊಲಿಯುವಳು. ಇಬ್ಬರ ಮಾತನ್ನೂ ಅವಳೊಬ್ಬಳೇ ಆಡಿ ಮುಗಿಸುವಳು. ಅವಳು ಬಯ್ದರೆ ಅವನು ನನ್ನ ಚಕ್ರವನ್ನು ಜೋರಾಗಿ ತಿರುಗಿಸಿ ಕೇಳಿಸದವನಂತೆ ಇದ್ದುಬಿಡುವನು. ಹನ್ನೊಂದು ವರ್ಷ ಹೀಗೆ ಸುಖವಾಗಿ ನಡೆಯಿತು.

ಒಂದು ಮಾರ್ಚಿನಲ್ಲಿ ಊರಿನ ವಾಲಿಬಾಲ್ ತಂಡದವರು ಒಂಬತ್ತು ಹಸಿರು ಅಂಗಿ ಹೊಲಿಯಲು ಕೊಟ್ಟರು. ಆಗ ಕಾಡಿನಲ್ಲೊಂದು ಗ್ಯಾಂಗು ಸೇರಿಕೊಂಡು, ಅದನ್ನು ಹಿಡಿಯಲು ಪೊಲೀಸರು ಊರೂರು ಜಾಲಾಡುತ್ತಿದ್ದ ಕಾಲ. ಆ ತಿಂಗಳ ಎಂಟನೇ ತಾರೀಕು, ಹಾಡಹಗಲೇ, ಜೀಪು ಬಂದು ಜಗಲಿಯ ಮುಂದೆ ನಿಂತಿತು. ಇನ್ಸ್‌ಪೆಕ್ಟರು ಒಂದು ಅಂಗಿಯನ್ನು ಲಾಠಿಯ ತುದಿಯಲ್ಲಿ ಎತ್ತಿ ಹಿಡಿದು, "ಕಾಡ್ನೋರಿಗೆ ಯೂನಿಫಾರಂ ಹೊಲೀತಿದೀಯೇನೋ?" ಎಂದ.

ಬೆನ್ನ ಮೇಲೆ ಏಳು ಎಂಬ ನಂಬರನ್ನು ಬಿಳಿ ಬಟ್ಟೆಯಲ್ಲಿ ಆಗತಾನೇ ಹೊಲಿದಿದ್ದೆವು! ಬೆನ್ನಿಗೆ ಬಿಳಿ ನಂಬರು ಅಂಟಿಸಿಕೊಂಡು ಕಾಡಿನಲ್ಲಿ ಅವಿತುಕೊಳ್ಳುವ ಗ್ಯಾಂಗು ಯಾವುದಪ್ಪ? ದುಂಡಮ್ಮ ಅದನ್ನೇ ಕೇಳಿದಳು. "ನಂಬ್ರ ಕಾಣಕಿಲ್ವಾ ಬುದ್ಧಿ? ಐಕಳ ಚೆಂಡಾಟದ ಅಂಗಿ ಇವು!" ಅವಳನ್ನು ಪಕ್ಕಕ್ಕೆ ತಳ್ಳಿ ಮಸಣಶೆಟ್ಟಿಯನ್ನು ಜೀಪಿಗೆ ಹತ್ತಿಸಿದರು. "ಮಿಷನ್ನೂ ಎತ್ತಾಕ್ರೋ" ಎಂದ ಇನ್ಸ್‌ಪೆಕ್ಟರು. ನಾನೂ ಹೋದೆ.

ಠಾಣೆಯಲ್ಲಿ ನನ್ನನ್ನು ಬರವಣಿಗೆಯ ಮೇಜಿನ ಪಕ್ಕ ಇಟ್ಟರು, ಅವನನ್ನು ಹಿಂದಿನ ಕೋಣೆಯಲ್ಲಿ. ನಡುವೆ ಒಂದೇ ಗೋಡೆ. ಮೂರು ದಿನ ಆ ಗೋಡೆಯಾಚೆಯಿಂದ ಬಂದ ಸದ್ದನ್ನು ನಾನು ವರ್ಣಿಸಲಾರೆ. ನಾಲ್ಕನೇ ದಿನ ಅವನನ್ನು ಹೊರಗೆ ತಂದು ನನ್ನ ಮುಂದೆ ಕೂರಿಸಿದರು. ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚಿತ್ತಂತೆ, ಹೆಂಗೂ ದರ್ಜಿ ಇದ್ದಾನಲ್ಲ! ಅವನ ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಠಾಣೆಯ ರೈಟರ್ ಲೋಕಪ್ಪ, ಕಾಗದಪತ್ರ ಬರೆಯುವವನು, ಎದ್ದು ಬಂದು ದಾರ ಪೋಣಿಸಿಕೊಟ್ಟ. ಮಸಣಶೆಟ್ಟಿ ಹೊಲಿದ. ಹೊಲಿಗೆ ಸೊಟ್ಟಗಾಯಿತು. ಹನ್ನೊಂದು ವರ್ಷದಲ್ಲಿ ಅವನ ಕೈಯಲ್ಲಿ ನಾನು ಸೊಟ್ಟಗೆ ಹೊಲಿದದ್ದು ಅದೊಂದೇ ಸಲ.

ಆಮೇಲೆ ಲೋಕಪ್ಪ, ಮೊದಲ ದಿನವೇ ಬರೆಯಬೇಕಿದ್ದ ಜಪ್ತಿ ಪಟ್ಟಿಯನ್ನು ಬರೆಯಲು ಕೂತ. ಒಂದು, ಕತ್ತರಿ. ಎರಡು, ಅಳತೆ ಟೇಪು. ಮೂರು, ಹಸಿರು ಅಂಗಿ ಒಂಬತ್ತು. ನಾಲ್ಕು, ಹೊಲಿಗೆ ಯಂತ್ರ, ನಂಬರು ಸಮೇತ. ಕೆಳಗೆ ಅಂದಿನ ತಾರೀಕು, ಹನ್ನೊಂದು. ಮಸಣಶೆಟ್ಟಿಗೆ ರುಜು ಬರುತ್ತಿತ್ತು, ಪೆನ್ನು ಹಿಡಿಯಲಾಗಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರು. ಮಧ್ಯಾಹ್ನ ಅವನನ್ನು ಜೀಪಿನಲ್ಲಿ ಕರೆದೊಯ್ದರು. ಸಂಜೆ ಜೀಪು ಬಂತು. ಅವನು ಬರಲಿಲ್ಲ.

ನನ್ನನ್ನು ಜಪ್ತಿ ಸಾಮಾನಿನ ಕೋಣೆಯ ಬಾಗಿಲ ಬಳಿ ತಳ್ಳಿದರು. ಅಲ್ಲಿಂದ ನನಗೆ ಕಾಣುತ್ತಿದ್ದುದು ಬಂದುಹೋಗುವವರ ಕಾಲು ಮಾತ್ರ. ಪ್ರತಿ ಸೋಮವಾರ ದುಂಡಮ್ಮನ ಕಾಲುಗಳು ಬರುತ್ತಿದ್ದವು.

"ನನ್ ಗಂಡನ್ನ ಎಲ್ ಮಡಗಿದರಿ?"

"ಆ ಹೆಸ್ರಿನೋನ್ನ ಇಲ್ಲಿಗೆ ಕರ್ಕಂಡೇ ಬಂದಿಲ್ಲ ಕಣಮ್ಮ."

"ಅವನ ಮಿಷನ್ ಅಲ್ಲೇ ಅದಲ್ಲ. ಅದು ನಡ್ಕಂಡ್ ಬಂತಾ?"

ಇದಕ್ಕೆ ಅವರಲ್ಲಿ ಸಲಹೆಗಳಿರುತ್ತಿದ್ದವು. ಅರ್ಜಿ ಕೊಡು. ಅರ್ಜಿಗೆ ಫೋಟೋ ಅಂಟಿಸು. ಈ ಫೋಟೋ ಹಳೇದು, ಹೊಸದು ತಾ. ಕಾಣೆಯಾದವನ ಹೊಸ ಫೋಟೋವನ್ನು ಎಲ್ಲಿಂದ ತರಬೇಕು? ಒಬ್ಬ ಸಾಹೇಬ, ಅವನು ಗ್ಯಾಂಗು ಸೇರಿದ್ದಾನೆ ಎಂದ. ಇನ್ನೊಬ್ಬ, ಬೇರೆ ಹೆಂಗಸಿನ ಜೊತೆ ಓಡಿಹೋಗಿರಬೇಕು ಎಂದ. ಸಾಹೇಬರು ಬದಲಾದರು, ಅರ್ಜಿ ಮತ್ತೆ ಮೊದಲಿನಿಂದ ಶುರುವಾಯಿತು. ಎಲ್ಲ ಕಂಡಿದ್ದ ನನಗೋ ಬಾಯಿಲ್ಲ. ಇರುವುದೊಂದು ಸೂಜಿ. ಅದಕ್ಕೂ ತುಕ್ಕು ಹಿಡಿಯುತ್ತಿತ್ತು.

ದುಂಡಮ್ಮ ಸುಮ್ಮನಿರಲಿಲ್ಲ. ಮೊದಲು ಅರ್ಜಿ ಬರೆಸಿಕೊಂಡು ಬರುತ್ತಿದ್ದವಳು ಅಕ್ಷರ ಕಲಿತು ತಾನೇ ಬರೆಯತೊಡಗಿದಳು. ಆ ಅಕ್ಷರವೇ ಮುಂದೆ ಅವಳ ಕೈ ಹಿಡಿಯಿತು.

ಒಂಬತ್ತು ವರ್ಷ ಕಳೆದ ಮೇಲೆ ಠಾಣೆ ಹೊಸ ಕಟ್ಟಡಕ್ಕೆ ಹೋಗುವುದಾಯಿತು. ಹಳೇ ಸಾಮಾನು ವಿಲೇವಾರಿಯಾಗಬೇಕು. ದುಂಡಮ್ಮನನ್ನು ಕರೆಸಿ, ನನ್ನನ್ನು ಮೇಜಿನ ಪಕ್ಕಕ್ಕೆ ಎಳೆದು ತಂದು, ಟೈಪು ಮಾಡಿ ಸೀಲು ಹಾಕಿದ್ದ ಕಾಗದ ಮುಂದಿಟ್ಟು, "ಸೈನ್ ಮಾಡಮ್ಮ, ನಿನ್ ಮಿಷನ್ ತಗಂಡೋಗು" ಎಂದರು. ನನಗೆ ಎಲ್ಲಿಲ್ಲದ ಹಿಗ್ಗು. ಆದರೆ ಅವಳು ಸೈನ್ ಮಾಡದೆ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. "ಎಂಟನೇ ತಾರೀಕು ವಿಚಾರಣೆಗೆ ಬಂದಿದ್ದ ನನ್ನ ಗಂಡ ಅದೇ ಸಂಜೆ ಕ್ಷೇಮವಾಗಿ ಮನೆಗೆ ಮರಳಿದ್ದು, ಈಗ ಯಂತ್ರವೂ ಸುಸ್ಥಿತಿಯಲ್ಲಿ ತಲುಪಿರುತ್ತದೆ. ನನ್ನ ತಕರಾರು ಏನೂ ಇರುವುದಿಲ್ಲ."

ಅವಳು ಕಾಗದದಿಂದ ತಲೆಯೆತ್ತಿದಳು. "ಒಂಬತ್ ವರ್ಸದಿಂದ ಕರ್ಕಂಡೇ ಬಂದಿಲ್ಲ ಅಂದ್ರಿ. ಇವತ್ತು ಬಂದಿದ್ದ, ಹೊಂಟೋದ ಅಂತೀರಿ. ಯಾವ್ದು ದಿಟ?"

"ಅದು ಫಾರ್ಮಾಲಿಟಿ ಕಣಮ್ಮ. ಎಲ್ಲಾರ್ಗೂ ಹಂಗೇ ಬರೆಯೋದು."

"ಎಲ್ಲಾರ್ಗೂನಾ? ಹಂಗಾರೆ ಎಷ್ಟ್ ಜನ ಹಿಂಗೆ ಕ್ಷೇಮವಾಗಿ ಮರಳವ್ರೆ?"

ಅವಳು ಕಾಗದವನ್ನು ಮಡಿಚಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಹಿಂದಿನಿಂದ ಕೂಗಿದರು, ಅವಳು ನಿಲ್ಲಲಿಲ್ಲ. ನನ್ನನ್ನೂ ಒಯ್ಯಲಿಲ್ಲ. ನನಗೆ ಸಿಟ್ಟು ಬಂತು. ಅವಳು ಮಾಡಿದ್ದೇ ಸರಿಯೆಂದು ಅರಿಯಲು ಬಹಳ ದಿನ ಹಿಡಿಯಿತು.

ಆ ಕಾಗದ ವಕೀಲೆ ಜಯಶೀಲಳ ಕೈಗೆ ಸಿಕ್ಕಿತು. ವಿಚಾರಣೆಗೆ ಬಂದಿದ್ದ ಎಂದು ಠಾಣೆಯ ಸೀಲೇ ಹೇಳುತ್ತಿದೆಯಲ್ಲ! ಅವಳು ಕೋರ್ಟಿಗೆ ಹೋಗಿ ಜಪ್ತಿ ಪಟ್ಟಿಯನ್ನು ತರಿಸಿದಳು. ಪಟ್ಟಿಯ ಹಿಂದೆ ನಾನೂ ಹೋದೆ. ನನ್ನನ್ನು ಮಗ್ಗುಲಿಗೆ ಕೆಡವಿ, ಹೊಟ್ಟೆಯ ತುಕ್ಕು ಉಜ್ಜಿ ನಂಬರು ಓದಿದರು. ನಾಲ್ಕನೇ ಸಾಲಿನದಕ್ಕೆ ತಾಳೆಯಾಯಿತು. ಎಂಟರ ಸಂಜೆಗೇ ಮನೆ ಸೇರಿದವನ ಹೆಬ್ಬೆಟ್ಟು ಹನ್ನೊಂದರ ಪಟ್ಟಿಯಲ್ಲಿ ಹೇಗೆ ಬಂತು ಎಂದು ಜಯಶೀಲ ಕೇಳಿದಳು.

"ರುಜು ಬಲ್ಲವನು ಹೆಬ್ಬೆಟ್ಟು ಯಾಕೆ ಒತ್ತುತ್ತಾನೆ ಸ್ವಾಮಿ? ಇದು ಬೇರೆ ಯಾರದೋ" ಎಂದ ಪೊಲೀಸರ ಕಡೆಯ ವಕೀಲ. ಬಾಯಿದ್ದವರ ಬುದ್ಧಿ ನೋಡಿ! ಜಮೀನು ನೋಂದಣಿಯಲ್ಲಿ ರುಜುವಿನ ಜೊತೆಗೆ ಮಸಣಶೆಟ್ಟಿ ಒತ್ತಿದ್ದ ಹಳೇ ಹೆಬ್ಬೆಟ್ಟನ್ನು ತರಿಸಿ ಪರೀಕ್ಷೆ ಮಾಡಿಸಲು ಮತ್ತೆರಡು ವರ್ಷ ಹೋಯಿತು. ಅವನದೇ ಎಂದು ವರದಿ ಬಂತು.

ಕಡೆಗೆ ಸಾಕ್ಷಿ ಹೇಳಲು ಲೋಕಪ್ಪ ಬಂದ. ರಿಟೈರಾಗಿದ್ದ. ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ವಕೀಲ ಮತ್ತೆ ಅದೇ ಹೆಬ್ಬೆಟ್ಟಿನ ಪ್ರಶ್ನೆ ಎತ್ತಿದಾಗ ತಲೆ ತಗ್ಗಿಸಿ, "ಬೆರಳು ಪೆನ್ ಹಿಡೀತಿರ್ಲಿಲ್ಲ ಸ್ವಾಮಿ. ಸೂಜಿಗೆ ದಾರಾನೂ ನಾನೇ ಪೋಣಿಸ್ಕೊಟ್ಟೆ" ಎಂದ.

ಹಿಂದಿನ ಬೆಂಚಿನಿಂದ ದುಂಡಮ್ಮ ಎದ್ದಳು. "ಆಮೇಲೆ? ಆಮೇಲೆ ಎಲ್ಲಿಗೆ ಕರ್ಕಂಡೋದ್ರಿ?"

"ಕೂತ್ಕೊಳ್ಳಮ್ಮ" ಎಂದರು ನ್ಯಾಯಾಧೀಶರು.

ಅವಳು ಕೂರಲಿಲ್ಲ. ಲೋಕಪ್ಪ ಅವಳತ್ತ ತಿರುಗದೆ, "ಜೀಪ್ ಹೋಗದ್ ಕಂಡೆ ಕಣವ್ವ. ಎಲ್ಲಿಗೆ ಅಂತ ಕೇಳ್ನಿಲ್ಲ. ಕೇಳ್ಬೇಕಾಗಿತ್ತು" ಎಂದ.

ಮಸಣಶೆಟ್ಟಿಯನ್ನು ಹಿಡಿದೊಯ್ದದ್ದು ನಿಜ, ಹಿಂಸಿಸಿದ್ದು ನಿಜ, ಬಿಟ್ಟು ಕಳಿಸಿದ್ದು ಸುಳ್ಳು ಎಂದು ಕೋರ್ಟು ಬರೆಯಿತು. ಇನ್ಸ್‌ಪೆಕ್ಟರ ಮೇಲೆ ಕೇಸು ಹಾಕಲು ಹೇಳಿತು. ಅಷ್ಟರಲ್ಲಿ ಬಡ್ತಿ ಪಡೆದು ನಿವೃತ್ತನೂ ಆಗಿದ್ದ ಅವನು ಮೇಲಿನ ಕೋರ್ಟಿಗೆ ಹೋಗಿ ತಡೆ ತಂದ. ಅದಾಗಿ ನಾಲ್ಕು ವರ್ಷ. ಹೂತಿದ್ದಾರೋ, ಸುಟ್ಟಿದ್ದಾರೋ, ಒಂದು ಹಿಡಿ ಮಣ್ಣು ತೋರಿಸಿದವರಿಲ್ಲ.

ನನ್ನನ್ನು ಬಿಟ್ಟುಕೊಟ್ಟ ದಿನ ದುಂಡಮ್ಮ ಯಾರ ಟೈಪನ್ನೂ ಒಪ್ಪಲಿಲ್ಲ. ತಾನೇ ಕೈಯಾರೆ ಬರೆದಳು: "ಮಿಷನ್ನು ಬಂತು. ಗಂಡ ಬರಲಿಲ್ಲ." ಗುಮಾಸ್ತ, "ಹಿಂಗೆಲ್ಲ ಬರೆಯೋ ಹಂಗಿಲ್ಲಮ್ಮ" ಎಂದು ಗೊಣಗಿದ. "ಬೇರೆ ಥರ ಬರೆಯಕ್ಕೆ ನನಗ್ ಬರಕಿಲ್ಲ" ಎಂದು ಪೆನ್ನು ಮುಚ್ಚಿದಳು.

ಈಗ ಜೋಡುಬಾವಿಯ ಜಗಲಿಯ ಮೂಲೆಯಲ್ಲಿದ್ದೇನೆ. ಚಕ್ರ ತಿರುಗುವುದಿಲ್ಲ, ಬಳ್ಳಿಯ ಚಿನ್ನ ಅಳಿಸಿಹೋಗಿದೆ. ಮುದಿಗಾಲದಲ್ಲಿ ಶಾಂತಿ ಬರುತ್ತದೆ ಎನ್ನುತ್ತಾರೆ, ನನಗೆ ಬಂದಿಲ್ಲ. ಇಷ್ಟು ಕಬ್ಬಿಣಕ್ಕೆ ಚೀಟಿ ಕಟ್ಟಿ, ಬೀಗ ಹಾಕಿ, ವರ್ಷವರ್ಷ ಎಣಿಸಿ ಜೋಪಾನ ಮಾಡಿದರಲ್ಲ, ನನ್ನನ್ನು ತುಳಿದು ಅನ್ನ ಉಣ್ಣುತ್ತಿದ್ದವನಿಗೆ ಆ ಪಟ್ಟಿಯಲ್ಲೊಂದು ಸಾಲು ಸಿಗಲಿಲ್ಲವಲ್ಲ!

ಮೊನ್ನೆ ಪಕ್ಕದೂರಿನಿಂದ ರಾಚಮ್ಮ ಎಂಬ ಹೆಂಗಸು ಬಂದಿದ್ದಳು. ಅವಳ ತಮ್ಮನನ್ನು ಪೊಲೀಸರು ಕರೆದೊಯ್ದು ಎಂಟು ತಿಂಗಳಾಗಿತ್ತು. ಕರೆದೇ ತಂದಿಲ್ಲ ಎನ್ನುತ್ತಾರಕ್ಕ, ಎಂದು ಅತ್ತಳು. ದುಂಡಮ್ಮ ಅವಳನ್ನು ನನ್ನ ಪಕ್ಕ ಕೂರಿಸಿ, ನೀರು ಕೊಟ್ಟು, ಪೆನ್ನು ಕಾಗದ ತೆಗೆದುಕೊಂಡಳು.

"ಅಳ್ತಾ ಕೂರ್ಬೇಡ, ಗ್ಯಾಪ್ಕ ಮಾಡ್ಕಂಡು ಹೇಳು. ನಿನ್ ತಮ್ಮನ್ ಜೊತೇಲಿ ಏನೇನ್ ಎತ್ಕಂಡೋದ್ರು? ಸೈಕಲ್ಲಾ? ಟಾರ್ಚಾ? ಕುಡ್ಗೋಲಾ? ಅಲ್ಲಿ ಮನುಸ್ರುನ್ನ ಬರ್ಕಳಕಿಲ್ಲ ಕಣವ್ವ. ಸಾಮಾನ್ ಬರ್ಕತಾರೆ."