ಮಡಚದ ಕಾಲು

“ಇನ್ನೊಂಚೂರು ಒತ್ತಿದ್ರೆ ಕೂತ್ಕಳ್ತದೆ” ಎನ್ನುತ್ತ ಪರಮೇಶಪ್ಪ ವಿಮಲಮ್ಮನ ಎಡ ಮಂಡಿಯ ಮೇಲೆ ಅಂಗೈ ಊರಿದರು. ಬಲಗಾಲು ಆಗಲೇ ಮಡಚಿಕೊಂಡಿತ್ತು. ಎಡಗಾಲು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಬದುಕಿದ್ದಾಗಲೇ ಯಾರ ಮಾತೂ ಕೇಳದ ಕಾಲು, ಈಗ ಕೇಳೀತೆ?

ಬೆಳಗಿನ ಜಾವ ನಿದ್ದೆಯಲ್ಲೇ ಹೋದ ಹೆಂಡತಿಯನ್ನು ರೇವಣ್ಣ ಪಡಸಾಲೆಯ ಗೋಡೆಗೆ ಒರಗಿಸಿ ಹಿಡಿದುಕೊಂಡಿದ್ದ. ಅವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಪದ್ಮಾಸನ ಹಾಕಿ ಕೂರಿಸಿಯೇ ಮಣ್ಣು ಮಾಡಬೇಕು. ಪರಮೇಶಪ್ಪ ಒತ್ತಿದಾಗಲೆಲ್ಲ ರೇವಣ್ಣನಿಗೆ ತನ್ನ ಮಂಡಿಯೇ ಕಿತ್ತು ಬಂದಂತಾಗುತ್ತಿತ್ತು. ಆದರೆ ಅವರು ದಾಯಾದಿಗಳಲ್ಲಿ ಹಿರಿಯರು. ಅವರ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ.

ರಜೆಗೆ ಬಂದಿದ್ದ ಮಗಳು ಮಾನಸ ಅವರ ಕೈ ಹಿಡಿದುಕೊಂಡಳು. “ಬೇಡ ದೊಡ್ಡಪ್ಪ. ಜೋರು ಮಾಡಿದ್ರೆ ಬಗ್ಗಲ್ಲ, ಹರಿದೋಗ್ತದೆ.”

“ಕಾಲು ಚಾಚ್ಕೊಂಡು ಶಿವನ ಮುಂದೆ ಕೂರ್ತಾರೇನವ್ವ?” ಅಂದರು ಪರಮೇಶಪ್ಪ. ಅವರದೂ ಕೆಟ್ಟ ಮನಸ್ಸಲ್ಲ. ತಮ್ಮನ ಹೆಂಡತಿಗೆ ಕಡೆಗಾಲದಲ್ಲಿ ಒಂದೂ ಕೊರತೆಯಾಗಬಾರದೆಂಬ ಆಸೆ.

*

ಮದುವೆಯಾದ ಹೊಸತರಲ್ಲಿ ಬಚ್ಚಲ ಹಂಡೆಯ ಕುದಿನೀರು ವಿಮಲಮ್ಮನ ತೊಡೆಯಿಂದ ಮಂಡಿಯವರೆಗೂ ಸುರಿದಿತ್ತು. ಗಾಯವೇನೋ ಮಾಯಿತು, ಮಾಯುತ್ತ ಮಾಯುತ್ತ ಚರ್ಮ ಬಿಗಿದು ಕಾಲು ನೆಟ್ಟಗೆ ನಿಂತುಬಿಟ್ಟಿತು. ಅಂದಿನಿಂದ ಮದುವೆಮನೆಗಳಲ್ಲಿ ಅವಳು ಪಂಕ್ತಿಗೆ ಕೂತವಳಲ್ಲ. ಸೆರಗು ಸಿಕ್ಕಿಸಿ ಕಡೆಯವರೆಗೂ ಬಡಿಸುವವಳು. ಶಿರಂಗಾಲದ ಊರವರು ಅದನ್ನು ದೊಡ್ಡಗುಣ ಅಂದುಕೊಂಡರು, ಅವಳೂ ಹಾಗೆಯೇ ಅಂದುಕೊಳ್ಳಲು ಬಿಟ್ಟಳು. ಮನೆಗೆ ಬಂದಮೇಲೆ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುವಳು. ಆಮೇಲೆ ರೇವಣ್ಣ ಹರಳೆಣ್ಣೆ ಬಿಸಿ ಮಾಡಿ ಮಂಡಿಗೆ ತಿಕ್ಕುವನು.

ಮಾನಸ ಪುಣೆಯಲ್ಲಿ ಜೀವಕೋಶಗಳ ಎಳೆತ, ಒತ್ತಡ ಅಳೆಯುವ ಭೌತಶಾಸ್ತ್ರ ಹಿಡಿದದ್ದೂ ಈ ಮಂಡಿಯಿಂದಲೇ. ಹೋದ ವಾರವಷ್ಟೇ ಅದೇ ಜಗಲಿಯಲ್ಲಿ, ಅಪ್ಪ ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದಾಗ, ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದ್ದಳು: ಪುಟ್ಟ ಪುಟ್ಟ ಕೋಶಗಳು ಸುತ್ತಲಿನ ನಾರುಗಳನ್ನು ಹಿಡಿದು ಜಗ್ಗುತ್ತಿದ್ದವು. ಗಾಯದ ಬಾಯಿ ಮುಚ್ಚಲೆಂದು ಇವೆಲ್ಲ ಸೇರಿ ಎಳೆಯುತ್ತವೆ, ಕೆಲವು ಸಲ ಮುಚ್ಚಿದ ಮೇಲೂ ನಿಲ್ಲಿಸುವುದಿಲ್ಲ, ಎಳೆದಷ್ಟೂ ಜಾಗ ಗಡುಸಾಗುತ್ತದೆ, ಗಡುಸಾದಷ್ಟೂ ಇನ್ನೂ ಎಳೆಯುತ್ತವೆ ಎಂದು ಬಿಡಿಸಿ ಹೇಳಿದ್ದಳು.

ವಿಮಲಮ್ಮ ಮಂಡಿ ಸವರಿಕೊಂಡು ನಕ್ಕಿದ್ದಳು. “ಪಾಪ, ಕೆಲ್ಸ ಮುಗೀತು ಅಂತ ಅವಕ್ಕೆ ಯಾರೂ ಹೇಳ್ಳಿಲ್ವಲ್ಲ.”

*

ರೇವಣ್ಣ ಹೆಂಡತಿಯ ತಲೆಯನ್ನು ಮಗಳ ಹೆಗಲಿಗೆ ಒರಗಿಸಿ ಎದ್ದ. ಹೊಲಕ್ಕೆ ನಡೆದು, ತೋಡಿ ಮುಗಿಸಿದ್ದ ಗುಂಡಿಗೆ ಇಳಿದು, ಮುಂದುಗಡೆಯ ಮಣ್ಣನ್ನು ಹಾರೆಯಿಂದ ಕೆಡವತೊಡಗಿದ. ಹಿಂದೆಯೇ ಬಂದ ಪರಮೇಶಪ್ಪ ಅಂಚಿನಲ್ಲಿ ನಿಂತು ಇದೇನೆಂದು ಕೇಳಿದರು.

“ಕಾಲಿಗೆ ಜಾಗ, ಅಣ್ಣ. ಅವಳು ದಿನಾ ಕೂರ್ತಿದ್ದ ಹಂಗೇ ಕೂರ್ಲಿ.” ರೇವಣ್ಣನ ಹಾರೆ ನಿಲ್ಲಲಿಲ್ಲ.

ಪರಮೇಶಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಅಂಚಿನಲ್ಲಿಟ್ಟರು. “ನನ್ನ ಮಕ್ಕಳ ಮದುವೇಲೆಲ್ಲ ಬಡಿಸಿದ್ಲು. ಅವಳು ಕೂತು ಉಂಡಿದ್ದನ್ನ ನಾನು ನೋಡ್ಲೇ ಇಲ್ಲ ಕಣೋ” ಅಂದವರೇ ಪಂಚೆ ಎತ್ತಿ ಕಟ್ಟಿ ತಾವೂ ಗುಂಡಿಗೆ ಇಳಿದರು.

ಇಳಿಹೊತ್ತಿಗೆ ವಿಮಲಮ್ಮನನ್ನು ಜಗಲಿಯಲ್ಲಿ ಕೂತಿದ್ದಂತೆಯೇ ಕೂರಿಸಿದರು. ವಿಭೂತಿ, ಬಿಲ್ವಪತ್ರೆ ಆಯಿತು. ಮಣ್ಣು ಹಾಕುವ ಮುಂಚೆ ರೇವಣ್ಣ ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ಬಗ್ಗಿ ಆ ಮಂಡಿಗೆ ಸವರಿದ.

“ಕೆಲ್ಸ ಮುಗೀತು ಕಣ್ರಪ್ಪ, ಇನ್ನು ಬಿಡಿ” ಎಂದ ಮೆಲ್ಲಗೆ. ಪಕ್ಕದಲ್ಲಿದ್ದ ಮಾನಸಳಿಗೆ ಮಾತ್ರ ಕೇಳಿಸಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಒರಟು ಕಲೆಯ ಮೇಲೆ ಎಣ್ಣೆ ಮಿನುಗುತ್ತಿತ್ತು. ಮೊದಲ ಹಿಡಿ ಮಣ್ಣು ಅಲ್ಲೇ ಅಂಟಿಕೊಂಡಿತು.