ಊರಿಗೆ ಹೋಗಿ ಕೇಳುವ ಸುದ್ದಿ

ಅಂಬಣ್ಣನ ಫೋನು ಬಂದಾಗ ಬೀರೇಶ ಫ್ಲಾರೆನ್ಸಿನ ಮಾರ್ಕೆಟ್ಟಿನಲ್ಲಿ ಚೀಸು ಮಾರುವವನ ಜೊತೆ ಕೈಸನ್ನೆಯಲ್ಲೇ ಮಾತಿಗೆ ನಿಂತಿದ್ದ. ಅಣ್ಣನಾದವನು ತಮ್ಮನನ್ನು ಬಿಟ್ಟು ತಮ್ಮನ ಹೆಂಡತಿಗೆ ಫೋನು ಮಾಡಿದ್ದಾನೆ ಎಂಬುದರಲ್ಲೇ ನಂದಿನಿಗೆ ಅರ್ಧ ತಿಳಿದುಹೋಯಿತು. ಅವಳು ಒಣ ಟೊಮ್ಯಾಟೊ ಸುರಿದ ಬುಟ್ಟಿಗಳ ಆಚೆ ಸರಿದು ಫೋನನ್ನು ಕಿವಿಗಿಟ್ಟಳು.

"ನಂದಿನಿ, ಅವ ಬಾಜೂಕ ಅದಾನೇನು?"

"ಇಲ್ಲ ಭಾವ, ದೂರ ಅದಾರ. ಹೇಳ್ರಿ."

"ಅವ್ವ ಹೋದ್ಲು ಯವ್ವಾ. ನಸುಕಿನ್ಯಾಗ ಹೋದ್ಲು. ಈಗ ಮಣ್ಣು ಮಾಡಿ ಬಂದ್ವಿ."

ಆ ಕಡೆಯಿಂದ ಹೆಂಗಸರ ಅಳು ಕೇಳಿಸುತ್ತಿತ್ತು. ಅದರ ಹಿಂದೆ ಕುರಿಗಳ ಸದ್ದು. ಕಕ್ಕೇರಾದ ಮನೆಯ ಅಂಗಳ ನಂದಿನಿಯ ಕಣ್ಣ ಮುಂದೆ ಬಂದು ನಿಂತಿತು.

"ಅವನಿಗಿ ಹೇಳಬ್ಯಾಡ," ಎಂದ ಅಂಬಣ್ಣ. "ಹೇಳಿದ್ರ ಅಲ್ಲಿ ಕುಂತು ಏನ್ ಮಾಡ್ತಾನ? ಓಡಿ ಬಂದ್ರೂ ಮಾರಿ ನೋಡಾಕ ಸಿಗಂಗಿಲ್ಲ. ಅವ್ವನ ಹೇಳಿದ್ಲಲ್ಲ, ಹೋದೋರು ಪೂರಾ ನೋಡ್ಕೊಂಡು ಬರ್ರಿ, ಅರ್ಧಕ್ಕ ಬರಬ್ಯಾಡ್ರಿ ಅಂತ. ಯಾದಗಿರಿ ಸ್ಟೇಷನ್ನಿಗಿ ನಾನ ಬರ್ತೀನಿ. ನಾನ ಹೇಳ್ತೀನಿ."

"ಹೂಂ ಭಾವ," ಎಂದಳು ನಂದಿನಿ. ಬೇರೆ ಏನನ್ನೂ ಕೇಳಲಿಲ್ಲ. ಕೇಳಿದರೆ ದನಿ ಒಡೆಯುತ್ತದೆ ಎಂಬ ಭಯ.

ಶಹಾಪುರದಲ್ಲಿ ಅವಳದೊಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಬಂದವರ ಮೈಯೊಳಗಿನ ಸುದ್ದಿ ಅವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಲಕೋಟೆಯೊಳಗೆ ಹಾಕಿ, ಅಂಟಿಸಿ, "ಡಾಕ್ಟರ್ ಹೇಳ್ತಾರ್ರಿ" ಎಂದು ಕೊಡುವುದು ಅವಳ ಕಸುಬು. ಮುಖದಲ್ಲಿ ಏನೂ ಕಾಣದಂತೆ ಇರುವುದನ್ನು ಅವಳು ಅಲ್ಲಿ ಕಲಿತಿದ್ದಳು. ಆ ವಿದ್ಯೆ ಮನೆಯವರ ಮೇಲೆ ಬಳಕೆಗೆ ಬಂದೀತೆಂದು ಎಂದೂ ಅಂದುಕೊಂಡಿರಲಿಲ್ಲ.

ಬೀರೇಶ ಗಾಡಿಯ ಗಾಲಿಯಷ್ಟು ದುಂಡಗಿನ ಚೀಸೊಂದರಿಂದ ಕೊಯ್ಸಿದ ತುಂಡನ್ನು ಹಿಡಿದುಕೊಂಡು ಬಂದ. "ಇದು ಕುರಿ ಹಾಲಿಂದಂತ. ಪೆಕೋರಾ ಅಂದ್ರ ಕುರಿ. ನಮ್ಮ ಮುತ್ಯಾನ ಕಾಲದಿಂದ ಕುರಿ ಕಾಯಾಕತ್ತೇವಿ, ಹಾಲಿಂದ ಹಿಂಗೂ ಮಾಡಬೋದು ಅಂತ ಒಬ್ಬನಿಗರ ಹೊಳೀತೇನು? ಅವ್ವಗ ಒಯ್ದು ತೋರಿಸ್ತೀನಿ."

"ಅತ್ತಿ ಬೈತಾರ ನೋಡ್ರಿ," ಎಂದಳು ನಂದಿನಿ. ತನ್ನ ಮಾತು ಎಂದಿನಂತೆಯೇ ಬಂದದ್ದು ಕೇಳಿ ಅವಳಿಗೇ ಹೆದರಿಕೆಯಾಯಿತು.

"ಬೈತಾಳ. ಮರಿ ಬಾಯಾಗಿಂದು ಕಸ್ಕೊಂಡು ತಿಂತಾರ, ಹಾಳಾದ ಮಂದಿ ಅಂತಾಳ." ಬೀರೇಶ ತಾಯಿಯ ದನಿ ತೆಗೆದು ಹೇಳಿ ನಕ್ಕ.

ಮದುವೆಯಾಗಿ ಹನ್ನೆರಡು ವರ್ಷವಾದರೂ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋದವರಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ಮನೆಗೆ ಬಂದರೆ ಬೀರೇಶನಿಗೆ ಫೋನಿನಲ್ಲಿ ಊರೂರಿನ ರೈಲು, ಊರೂರಿನ ಅಡಿಗೆ ನೋಡುವ ಹುಚ್ಚು. ಬೇಸಗೆ ರಜೆಗೆ ಬಂದಿದ್ದ ಅವನ ತಾಯಿ ರೇಣಮ್ಮ ಅದನ್ನು ನೋಡಿ ನೋಡಿ ಬೇಸತ್ತು, "ಎಷ್ಟಂತ ಗಾಜಿನ್ಯಾಗ ನೋಡ್ತೀಯೊ? ಆಕಿನ್ನ ಕರ್ಕೊಂಡು ಹೋಗಿ ಬಾ" ಎಂದಿದ್ದಳು. ಹಾಗೆ ಹೊರಟು ಬಂದದ್ದು ಇದು: ರೋಮ್, ಫ್ಲಾರೆನ್ಸ್, ಬೊಲೊನ್ಯಾ, ವೆನಿಸ್, ನಡುವೆ ರೈಲು. ದಿನಾ ಸಂಜೆ ಊರಿಗೆ ವಿಡಿಯೊ ಫೋನು. ರೋಮಿನಲ್ಲಿ ಪಿಜ್ಜಾ ತೋರಿಸಿದಾಗ ರೇಣಮ್ಮ ಫೋನನ್ನು ಕಣ್ಣಿಗೆ ಹತ್ತಿಸಿಕೊಂಡು, "ರೊಟ್ಟಿ ಚಂದ ಅದ, ಮ್ಯಾಲ ಪಲ್ಯ ಯಾಕ ಚೆಲ್ಲ್ಯಾರ?" ಎಂದು ಕೇಳಿದ್ದಳು. ಅದೇ ಊರಲ್ಲಿ ಬೀರೇಶ ಕಾಫಿ ಬರುತ್ತದೆಂದು 'ಲಾತ್ತೆ' ಕೇಳಿ, ಲೋಟದ ತುಂಬ ಬರೀ ಬೆಚ್ಚನೆಯ ಹಾಲು ಕುಡಿದು ಬಂದಿದ್ದ. ಇಟಲಿಯವರ ಮಾತಿನಲ್ಲಿ ಲಾತ್ತೆ ಎಂದರೆ ಹಾಲು ಅಷ್ಟೇ. ಇದನ್ನು ಹೇಳಿದಾಗ ರೇಣಮ್ಮ, "ಮಾಸ್ತರ ದೊಡ್ಡವನಾಗ್ಯಾನ ಅಂತ ಅವರಿಗಿ ಯಾರೂ ಹೇಳಿಲ್ಲ ಅಲ್ಲಿ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ಹೋಟೆಲ್ಲಿಗೆ ಬಂದವಳೇ ನಂದಿನಿ ಬಚ್ಚಲಿಗೆ ಹೋಗಿ ತಲೆಗೆ ನೀರು ಬಿಟ್ಟುಕೊಂಡಳು. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕೇಳಿದವರು ತಲೆಗೆ ಎರೆದುಕೊಳ್ಳಬೇಕು. ಎಷ್ಟೇ ದೂರವಿರಲಿ, ಮಗನೇ ಆಗಿರಲಿ, ಕೇಳದವನಿಗೆ ಸೂತಕವಿಲ್ಲ. ವಿಜ್ಞಾನ ಓದಿದವಳಿಗೆ ಇದರಲ್ಲಿ ನಂಬಿಕೆ ಇತ್ತೇ ಎಂದರೆ, ಇರಲಿಲ್ಲ. ಆದರೆ ರೇಣಮ್ಮನಿಗೆ ಇತ್ತು. ಅವಳಿಗಾಗಿ ತಾನು ಇಲ್ಲಿಂದ ಮಾಡಬಹುದಾದದ್ದು ಇದೊಂದೇ ಎನಿಸಿತ್ತು.

ಹೊರಬಂದಾಗ ಬೀರೇಶ ಮಂಚದ ಮೇಲೆ ಕುಳಿತು ಚೀಸನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ತಲೆ ಎತ್ತಿ ಅವಳ ಒದ್ದೆ ಕೂದಲು ನೋಡಿದ.

"ಮುಂಜಾನೆನ ಎರಕೊಂಡಿದ್ದೆಲ್ಲ?"

"ಪಾರಿವಾಳ ತಲಿ ಮ್ಯಾಲ ಹೇಸಿಗಿ ಮಾಡ್ತು."

ಅವನು, "ಏಳು ಸಮುದ್ರ ದಾಟಿ ಬಂದು ಪಾರಿವಾಳದ ಕಡೆಯಿಂದ ಸ್ನಾನ ಮಾಡಿಸ್ಕೊಂಡಿ," ಎಂದು ಮತ್ತೆ ಬಟ್ಟೆಯ ಗಂಟಿಗೆ ಕೈ ಹಾಕಿದ.

ಆ ಸಂಜೆ ಊರಿಗೆ ಅವನು ಫೋನು ಮಾಡಿದಾಗ ನಂದಿನಿ ಕಿಟಕಿಯ ಬಳಿ ಹೋಗಿ ನಿಂತಳು. ಅಂಬಣ್ಣ ಎತ್ತಿದ. ವಿಡಿಯೊ ಇರಲಿಲ್ಲ.

"ಅವ್ವ ಮಕ್ಕೊಂಡಾಳೊ. ಇವತ್ತ ಬಿಸಿಲು ಭಾಳ ಆತು," ಎಂದ. ಆಮೇಲೆ, "ಉಂಡ್ಯಾ?" ಎಂದು ಕೇಳಿದ.

"ಉಣ್ಣಬೇಕಣ್ಣ ಈಗ," ಎಂದ ಬೀರೇಶ. ಫೋನಿಟ್ಟ ಮೇಲೆ ಅದನ್ನು ಜೇಬಿಗೆ ಹಾಕದೆ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ.

ಮರುದಿನ ಬೊಲೊನ್ಯಾಕ್ಕೆ ರೈಲು. ದಾರಿಯ ಬಹುಪಾಲು ಸುರಂಗವೇ. ಹೊರಗೆ ಕತ್ತಲು, ಕಿಟಕಿಯ ಗಾಜಿನಲ್ಲಿ ಇಬ್ಬರ ಮುಖ. ಈಗ ಹೇಳಬೇಕು ಎಂದು ನಂದಿನಿ ಬಾಯಿ ತೆರೆದಳು. ಬೀರೇಶ ಚೀಲದಿಂದ ಬ್ರೆಡ್ಡು ತೆಗೆದು ಮುರಿಯತೊಡಗಿದ. ಅವಳಿಗೆ ಹಳೆಯದೊಂದು ನೆನಪಾಯಿತು. ಒಮ್ಮೆ ಬೋನಾಳದಿಂದ ಸಾವಿನ ಸುದ್ದಿ ತಂದವನನ್ನು ರೇಣಮ್ಮ ಕಟ್ಟೆಯ ಮೇಲೇ ತಡೆದು ಕೂರಿಸಿದ್ದಳು. "ಒಳಗ ಅಂಬಣ್ಣ ಉಣ್ಣಾಕತ್ತಾನ. ಕೈ ತೊಳಕೊಳ್ಳಲಿ, ಆಮ್ಯಾಲ ಹೇಳು." ತುತ್ತು ಬಾಯಲ್ಲಿದ್ದಾಗ ಸಾವಿನ ಸುದ್ದಿ ಹೇಳಬಾರದು. ಆದರೆ ಈ ಪ್ರವಾಸ ಇದ್ದದ್ದೇ ಉಣ್ಣುವುದಕ್ಕೆ. ಬೀರೇಶನ ಕೈ ಒಣಗುವ ಹೊತ್ತೇ ಇರಲಿಲ್ಲ.

ಬೊಲೊನ್ಯಾದಲ್ಲಿ ಕಮಾನುಗಳ ಕೆಳಗೆ ನಡೆದರು. ಕುಂಬಳ ತುಂಬಿದ ಹಿಟ್ಟಿನ ಗಂಟುಗಳನ್ನು ಬೆಣ್ಣೆಯಲ್ಲಿ ಹೊರಳಿಸಿ ಕೊಟ್ಟರು. ಬೀರೇಶ, "ನಮ್ಮ ಕಡಬಿನ ತಮ್ಮ ಇದು" ಎಂದ. ಆದರೆ ಅರ್ಧ ತಟ್ಟೆ ಬಿಟ್ಟ. ಸಿಹಿ ತಂದಿಟ್ಟಾಗ ನಂದಿನಿ ಹೊಟ್ಟೆ ಸರಿಯಿಲ್ಲ ಎಂದು ತಟ್ಟೆಯನ್ನು ದೂರ ಸರಿಸಿದಳು. ಬೀರೇಶನೂ ಮುಟ್ಟಲಿಲ್ಲ. ಅಂದು ಸಂಜೆ ಅವನು ಊರಿಗೆ ಫೋನು ಮಾಡಲಿಲ್ಲ. ಮರೆತಿರಬೇಕೆಂದು ನಂದಿನಿ ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

ಮಲಗಿದಾಗ ಕಣ್ಣು ಮುಚ್ಚಿದರೆ ರೇಣಮ್ಮನ ತೋಳು ಕಾಣುತ್ತಿತ್ತು. ಲ್ಯಾಬ್ ತೆರೆದ ದಿನ ಮಧ್ಯಾಹ್ನದವರೆಗೂ ಒಬ್ಬರೂ ಬಂದಿರಲಿಲ್ಲ. ಕಕ್ಕೇರಾದಿಂದ ಬಸ್ಸು ಹತ್ತಿ ಬಂದ ರೇಣಮ್ಮ ಕುರ್ಚಿಯಲ್ಲಿ ಕುಳಿತು ಕುಪ್ಪಸದ ತೋಳು ಮೇಲೇರಿಸಿ, "ಬೋಣಿ ನಂದ ಆಗ್ಲಿ, ಚುಚ್ಚು ಡಾಕ್ಟರಮ್ಮ" ಎಂದಿದ್ದಳು. ಬಿಸಿಲಿಗೆ ಕಪ್ಪಾದ ಆ ತೋಳಿನಲ್ಲಿ ನರ ಹಗ್ಗದಂತೆ ಎದ್ದು ನಿಂತಿತ್ತು. ಸೊಸೆಗೆ ತಾಯಿಯಿಲ್ಲ ಎಂಬುದನ್ನು ರೇಣಮ್ಮ ಒಮ್ಮೆಯೂ ಬಾಯಿಬಿಟ್ಟು ಆಡಿದವಳಲ್ಲ. ನಂದಿನಿ ದಿಂಬನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಅಳು ಹೊರಗೆ ಬರಲಿಲ್ಲ.

ಮರುದಿನ, ಗುರುವಾರ, ವೆನಿಸ್. ರೈಲು ನೀರಿನ ಮೇಲಿನ ಸೇತುವೆಯಲ್ಲಿ ಸಾಗುವಾಗ ಡಬ್ಬಿಯವರೆಲ್ಲ ಎದ್ದು ಫೋಟೊ ತೆಗೆಯುತ್ತಿದ್ದರು. ಬೀರೇಶ ಕುಳಿತೇ ಇದ್ದ. ಸ್ಟೇಷನ್ನಿನ ಮೆಟ್ಟಿಲಿಳಿದರೆ ಎದುರಿಗೇ ಕಾಲುವೆ. ಪಕ್ಕದ ಕಾಫಿ ಅಂಗಡಿಗೆ ಹೋಗಿ ಅವನು, "ಲಾತ್ತೆ," ಎಂದ.

"ಮತ್ತ ಮರತ್ರ್ಯಾ? ಬರೀ ಹಾಲು ಕೊಡ್ತಾರ," ಎಂದಳು ನಂದಿನಿ.

"ಗೊತ್ತದ."

ಅವನು ಹಾಲನ್ನು ಕಾಗದದ ಲೋಟದಲ್ಲಿ ಹಾಕಿಸಿಕೊಂಡ. ಕುಡಿಯಲಿಲ್ಲ. ಮೇಲೆ ಅಂಗೈ ಮುಚ್ಚಿಕೊಂಡು ನಡೆಯತೊಡಗಿದ. ಕಾಲುವೆ ದಾಟಿದರು, ಓಣಿ ಹೊಕ್ಕರು, ಇನ್ನೊಂದು ಸಣ್ಣ ಸೇತುವೆ ಹತ್ತಿ ಇಳಿದರು. ಎಲ್ಲರೂ ತಲೆಯೆತ್ತಿ ಗೋಪುರ ನೋಡುತ್ತಿದ್ದರೆ ಬೀರೇಶ ನೆಲ ನೋಡುತ್ತಿದ್ದ. ಕಲ್ಲು, ಬರೀ ಕಲ್ಲು. ಕಲ್ಲು ಮುಗಿದಲ್ಲಿ ನೀರು.

"ಏನ್ ಹುಡುಕಾಕತ್ತೀರಿ?"

"ಈ ಊರಾಗ ಎಲ್ಲಿಯೂ ಮಣ್ಣಿಲ್ಲೇನು?"

ನಂದಿನಿಯ ಕಾಲು ಅಲ್ಲೇ ನಿಂತವು. ಸತ್ತವರ ಮೂರನೆಯ ದಿನ ಮಕ್ಕಳು ಕುಣಿಯ ಮೇಲಿನ ಮಣ್ಣಿಗೆ ಹಾಲು ತುಪ್ಪ ಎರೆಯುತ್ತಾರೆ. ಕಕ್ಕೇರಾದಲ್ಲಿ ಅಂಬಣ್ಣ ಇಷ್ಟೊತ್ತಿಗೆ ಎರೆದು ಮನೆಗೆ ಬಂದಿರುತ್ತಾನೆ. ಅವಳು ಗಂಡನ ಹಿಂದೆ ಹೊರಟಳು. ಈಗ ಅವಳೂ ನೆಲ ನೋಡುತ್ತ ನಡೆದಳು.

ಕೊನೆಗೆ ಕಾಲುವೆಯ ದಂಡೆಯಲ್ಲಿ ಕಬ್ಬಿಣದ ಬೇಲಿಯ ಸಣ್ಣ ತೋಟವೊಂದು ಸಿಕ್ಕಿತು. ಬೀರೇಶ ಬೂಟು ಕಳಚಿ, ಮರವೊಂದರ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಉದುರಿದ ಎಲೆಗಳನ್ನು ಕೈಯಿಂದ ಬದಿಗೆ ಸರಿಸಿದ. ಹಾಲು ಎರೆದ. ಮಣ್ಣು ಅದನ್ನು ನಿಧಾನವಾಗಿ ಒಳಗೆ ತೆಗೆದುಕೊಂಡಿತು. ನಂದಿನಿಯೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಳಿತಳು.

"ತುಪ್ಪ ಸಿಗಲಿಲ್ಲ," ಎಂದ ಬೀರೇಶ.

"ನಿಮಗ ಯಾವಾಗ..."

"ನೀ ಎರಡನೇ ಸಲ ಎರಕೊಂಡಾಗ ಸಂಶಯ ಬಂತು. ಸಂಜಿಗಿ ಅಣ್ಣ 'ಉಂಡ್ಯಾ' ಅಂತ ಕೇಳಿದ. ಹುಟ್ಟಿದಾಗಿಂದ ಅಂವ ನನಗ ಆ ಮಾತು ಕೇಳ್ಯಾನೇನು? ಅದು ಅವ್ವ ಕೇಳೋ ಮಾತು. ಆಕಿ ಇದ್ದಿದ್ರ ಆಕಿನ ಕೇಳ್ತಿದ್ಲು."

ನಂದಿನಿ ಅವನ ಮೊಣಕೈ ಹಿಡಿದಳು. "ನನಗ ಹೇಳಬೇಕು ಅನಿಸಿತ್ರಿ. ಅತ್ತಿ..."

"ಬ್ಯಾಡ." ಅವನು ಅವಳ ಬಾಯಿಯ ಮುಂದೆ ಕೈ ಅಡ್ಡ ಹಿಡಿದ. "ನೀ ಹೇಳಬ್ಯಾಡ. ಹೇಳಿದ್ರ ಅದು ಇಲ್ಲೇ ಆದಂಗ ಆಗ್ತದ. ಇಲ್ಲಿ ಒಂದು ಹಿಡಿ ಮಣ್ಣು ಹುಡುಕಾಕ ಇಷ್ಟೊತ್ತಾತು. ಅಳಾಕ ನಮ್ಮ ಮಂದಿ ಒಬ್ಬರಿಲ್ಲ. ಊರಿಗಿ ಹೋಗಿ ಕೇಳ್ತೀನಿ, ಅಣ್ಣನ ಬಾಯಿಂದ. ಎಲ್ಲಾ ಅಂವ ಒಬ್ಬನ ಮಾಡ್ಯಾನ. ಹೇಳೋದರ ಅಂವಗ ಬಿಡೋಣ."

ಹಾಗಾಗಿ ಉಳಿದ ದಿನಗಳು ಆ ಮಾತಿಲ್ಲದೆಯೇ ಕಳೆದವು. ದೋಣಿ ಹತ್ತಿದರು, ಇಳಿದರು. ಹಸಿವಾದಾಗ ಬ್ರೆಡ್ಡು ತಿಂದರು. ದಾರಿಹೋಕನೊಬ್ಬ ಇಬ್ಬರದೂ ಫೋಟೊ ತೆಗೆದುಕೊಡುತ್ತೇನೆಂದು ಮುಂದೆ ಬಂದಾಗ ಒಲ್ಲೆನೆನ್ನಲು ತಿಳಿಯದೆ ಒತ್ತಿಕೊಂಡು ನಿಂತರು.

ಹೈದರಾಬಾದಿನಲ್ಲಿ ವಿಮಾನ ಇಳಿದು ಯಾದಗಿರಿಗೆ ರೈಲು ಹತ್ತಿದರು. ಪ್ಲಾಟ್‌ಫಾರ್ಮಿನಲ್ಲಿ ಅಂಬಣ್ಣ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ತಮ್ಮನ ಸೂಟ್‌ಕೇಸು ಇಸಿದುಕೊಂಡು, "ಹಾದಿ ಚಲೋ ಆತಿಲ್ಲೊ?" ಎಂದ. "ಅವ್ವಗ ಮೈಯಾಗ ಒಂದೀಟು ಹುಷಾರಿದ್ದಿಲ್ಲ," ಎಂದ. ದಾರಿಯುದ್ದಕ್ಕೂ ಕಲಿತು ತಂದ ಮಾತು ಅಲ್ಲಿಗೇ ನಿಂತಿತು.

"ಹೇಳಣ್ಣ," ಎಂದ ಬೀರೇಶ.

"ಅವ್ವ ಹೋದ್ಲೊ ತಮ್ಮ. ನಮ್ಮನ್ನ ಬಿಟ್ಟು ಹೋದ್ಲು."

ಬೀರೇಶ ಕೇಳಿದಂತೆ ನಟಿಸುತ್ತಾನೆ, ಅಣ್ಣನ ಮನಸ್ಸಿಗಾಗಿ ನಾಲ್ಕು ಹನಿ ಕಣ್ಣೀರು ಹಾಕುತ್ತಾನೆ ಎಂದು ನಂದಿನಿ ತಿಳಿದಿದ್ದಳು. ಅವನು ನಟಿಸಲಿಲ್ಲ. ಸೂಟ್‌ಕೇಸಿನ ಪಕ್ಕ ನೆಲದ ಮೇಲೆ ಕುಳಿತು, ರೈಲಿಳಿದ ಮಂದಿ ಸುತ್ತುಹಾಕಿ ಹೋಗುತ್ತಿರಲು, ಗಂಟಲು ಬಿಚ್ಚಿ ಅತ್ತ. ತಾಯಿ ಸತ್ತದ್ದು ಅವನಿಗೆ ಈಗಲೇ. ವೆನಿಸಿನಲ್ಲಿ ಅವನು ಮಾಡಿದ್ದು ಮಗನ ಕೆಲಸ ಮಾತ್ರ. ಅಂಬಣ್ಣ ತಮ್ಮನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಅವನ ಮೇಲಿಂದ ನಂದಿನಿಯ ಕಡೆ ನೋಡಿ, "ಚಲೋ ಮಾಡ್ದಿ ಯವ್ವಾ, ಹೇಳಲಿಲ್ಲ," ಎಂದ. ಅವಳು ತಲೆಯಾಡಿಸಿದಳು.

ಸ್ಟೇಷನ್ನಿನ ಹೊರಗಿನ ನಳದಡಿ ತಮ್ಮನ ತಲೆಗೆ ನೀರು ಹಾಕಿಸಿ ಅಂಬಣ್ಣ ಜೀಪು ಹೊರಡಿಸಿದ. ಅಣ್ಣ ತಮ್ಮ ಮುಂದೆ. ಹಿಂದೆ ಚೀಲಗಳ ನಡುವೆ ನಂದಿನಿ. ಊರು ದಾಟಿ ಭೀಮಾ ಸೇತುವೆ ಹತ್ತುವ ಹೊತ್ತಿಗೆ ಅಂಬಣ್ಣ ಹೇಳತೊಡಗಿದ್ದ. ನಸುಕಿನಲ್ಲಿ ಎದ್ದದ್ದು, ಹಟ್ಟಿಯ ಬಾಗಿಲು ತೆಗೆಯಲು ಹೋದದ್ದು, ಈದ ಕುರಿಯ ಪಕ್ಕ ಕುಳಿತದ್ದು. ಬೀರೇಶ ಒಂದೊಂದನ್ನೂ ಬಿಡಿಸಿ ಕೇಳುತ್ತಿದ್ದ. ಯಾವ ಸೀರಿ ಉಟ್ಟಿದ್ಲು? ನೀರು ಕೇಳಿದ್ಲೇನು? ಯಾರ ಹೆಸರು ಹಿಡಿದ್ಲು?

ಸೇತುವೆಯ ಮೇಲೆ ಗಾಳಿ ಜೋರಾಯಿತು. ಮುಂದಿನ ಮಾತು ಹಿಂದಕ್ಕೆ ಬರುವಷ್ಟರಲ್ಲಿ ಹರಿದು ಹೋಗುತ್ತಿತ್ತು. ಎಲ್ಲರಿಗಿಂತ ದೂರದಲ್ಲಿದ್ದು ಎಲ್ಲ ತಿಳಿದವಳಂತೆ ಇಷ್ಟು ದಿನ ನಡೆದುಕೊಂಡ ತನಗೆ ಗೊತ್ತಿದ್ದದ್ದು 'ಹೋದ್ಲು' ಎಂಬ ಒಂದು ಮಾತು ಮಾತ್ರ ಎಂಬುದು ನಂದಿನಿಗೆ ಆಗ ಹೊಳೆಯಿತು. ಹೇಗೆ ಎಂದು ಅವಳು ಕೇಳಿರಲಿಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಮುಂದಿನ ಇಬ್ಬರ ಬೆನ್ನು ಮಸುಕಾದವು. ಅವಳು ಚೀಲಗಳನ್ನು ತಳ್ಳಿ ಮುಂದೆ ಬಾಗಿ ಸೀಟಿನ ಕಂಬಿ ಹಿಡಿದುಕೊಂಡಳು.

"ಭಾವ, ಸ್ವಲ್ಪ ಜೋರಾಗಿ ಹೇಳ್ರಿ," ಎಂದಳು. "ಹಿಂದ ಕೇಳವಲ್ದು."