ಬೆಟ್ಟದಾಚೆಯ ಲಾಫೊರೆಗಳು

ಮೊಮ್ಮಗಳನ್ನು ಕೇಳಿಕೊಂಡು ಬಂದ ಹುಡುಗನಿಗೆ ಓವಿಲಾ ಗೋದ್ರೊ ಕುರ್ಚಿ ತೋರಿಸಲಿಲ್ಲ. ಮೊದಲು ವಂಶ ಕೇಳಿದ. ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಕೇಳಬೇಕಾದವನು ತಾತನೊಬ್ಬನೇ.

"ಯಾರ ಮಗನಪ್ಪಾ?"

"ಜಿಲ್ಬೇರ್ ಲಾಫೊರೆ, ತಾತ. ಬೆಟ್ಟದಾಚೆಯವನು. ವಿಲ್ಫ್ರಿದ್‌ನ ಮಗ. ನಮ್ಮಪ್ಪ ತೆಲೆಸ್ಫೋರ್‌ನ ಮಗ."

"ಲಾಫೊರೆಗಳು ಊರಿಗೊಂದು ಮನೆ ಇದ್ದಾರೆ. ತೆಲೆಸ್ಫೋರ್ ಯಾರ ಮಗ?"

ಕಿಟಕಿಯ ಪಕ್ಕ, ಗಾಲಿ ಕಟ್ಟಿದ ಕುರ್ಚಿಯಲ್ಲಿದ್ದ ಲೆಯಾಂದ್ರ್ ನಕ್ಕ. "ಹುಷಾರು ಭಾವ. ಆದಾಮನವರೆಗೂ ಹೋಗದೆ ಇವರು ಸೂಪು ಹಾಕ್ಸಲ್ಲ."

ಒಲೆಯ ಬಳಿ ಬಟಾಣಿ ಸೂಪು ತಿರುವುತ್ತಿದ್ದ ಮೊಮ್ಮಗಳು ಅಲ್ಮಾ ತಮ್ಮನಿಗೆ ಸೌಟು ತೋರಿಸಿ ಗದರಿದಳು.

"ಎಲುವಾನ ಮಗ," ಎಂದ ಜಿಲ್ಬೇರ್. "ಬೆಟ್ಟ ದಾಟಿ ಬಂದು ಮೊದಲು ಕಾಡು ಕಡಿದವನು ಅವನೇ ಅಂತೆ. ಅದರ ಹಿಂದಿನದು ನಮ್ಮನೇಲಿ ಯಾರಿಗೂ ಗೊತ್ತಿಲ್ಲ."

ತಾತ ಬಾಯಿಂದ ಪೈಪು ತೆಗೆದ. "ಕೂತ್ಕೋ," ಎಂದ. ಊಟದ ನಡುವೆ ಬಗ್ಗಿ ಮೇಜಿನ ಕೆಳಗೆ ಜಿಲ್ಬೇರ್‌ನ ಪಾದಗಳನ್ನು ನೋಡಿದ. ಆಮೇಲೆ ಲೆಯಾಂದ್ರ್‌ನ ಪಾದಗಳನ್ನು ನೋಡಿದ. ಅಲ್ಮಾಳ ಕೈಯಲ್ಲಿ ಬ್ರೆಡ್ಡು ಹಾಗೇ ಉಳಿಯಿತು.

ಜಿಲ್ಬೇರ್ ಜಾರುಬಂಡಿಗೆ ಕುದುರೆ ಕಟ್ಟಲು ಹೊರಗೆ ಹೋದಾಗ ಅವಳು ತಾತನ ಹಿಂದೆಯೇ ಸೌದೆಮನೆಗೆ ನುಗ್ಗಿದಳು.

"ಏನಾಯ್ತು ತಾತ?"

"ಎಲುವಾ ನನ್ನ ಚಿಕ್ಕಪ್ಪ."

ಆ ಸೀಮೆಯಲ್ಲಿ ಒಂದೊಂದು ಮನೆತನಕ್ಕೂ ಎರಡು ಹೆಸರು: ಹಿರಿಯರಿಂದ ಬಂದದ್ದೊಂದು, ಅದರ ಬಾಲಕ್ಕೆ ಅಂಟಿದ್ದೊಂದು. ಇವರು ಹಿಂದೆ ಗೋದ್ರೊ-ಲಾಫೊರೆಗಳು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬ ಒಂದನ್ನಿಟ್ಟುಕೊಂಡು ಇನ್ನೊಂದನ್ನು ಬಿಡುತ್ತಿದ್ದ. ಯಾರೂ ಯಾಕೆಂದು ಕೇಳುತ್ತಿರಲಿಲ್ಲ.

"ಎಲುವಾ ಗೋದ್ರೊ ಹೆಸರನ್ನ ಸುಮ್ನೆ ಬಿಡ್ಲಿಲ್ಲ," ಎಂದ ತಾತ. "ಅವನ ಇಬ್ಬರು ಮಕ್ಕಳ ಕಾಲು ಹೋಗಿತ್ತು. ಗೋದ್ರೊ ಅಂದ್ರೆ ಹೆಣ್ಣು ಕೊಡೋರು ಹಿಂದೆಮುಂದೆ ನೋಡ್ತಿದ್ರು."

"ಜಿಲ್ಬೇರ್ ಕಾಲು ಚೆನ್ನಾಗೇ ಇದೆಯಲ್ಲ!"

"ನಿಮ್ಮಪ್ಪನದ್ದೂ ಚೆನ್ನಾಗಿತ್ತು. ನಿಮ್ಮಮ್ಮನದ್ದೂ. ಇಬ್ಬರೂ ನಮ್ಮವರೇ. ಎರಡೂ ಕಡೆಯಿಂದ ನಮ್ಮ ರಕ್ತ ಕೂಡಿದ್ರೇನೇ ಅದು ತಲೆ ಎತ್ತೋದು, ಅದೂ ಎಲ್ಲ ಮಕ್ಕಳಲ್ಲಿ ಅಲ್ಲ. ನಿನ್ನ ಬಿಡ್ತು. ನಿನ್ನ ತಮ್ಮನ್ನ ಹಿಡೀತು."

ಅವಳು ಸೌದೆಯ ಮೇಲೆ ಕುಳಿತಳು.

"ಮದುವೆ ಅಂತಾದ್ರೆ ಬರೋ ಭಾನುವಾರ ಚರ್ಚಲ್ಲಿ ಪಾದ್ರಿ ನಿಮ್ಮಿಬ್ಬರ ಹೆಸರು ಓದ್ತಾರೆ. ಅಡ್ಡಿ ಗೊತ್ತಿದ್ದೋರು ಹೇಳಿ ಅಂತಾರೆ. ನಾನು ಎದ್ದು ನಿಲ್ಲಲಾ, ಕೂತಿರಲಾ, ನೀನೇ ಹೇಳಮ್ಮ. ಇನ್ನೂ ಏನೂ ಆಗಿಲ್ಲವಲ್ಲ."

ಆಗಿತ್ತು. ಅವಳ ಹೊಟ್ಟೆಯಲ್ಲಿ ಮಗುವಿದೆಯೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಅಡುಗೆಮನೆಯಲ್ಲಿ ಲೆಯಾಂದ್ರ್ ಅವಳ ಮುಖ ನೋಡಿದ. "ಆ ಬಾಗಿಲು ತೆಳ್ಳಗಿದೆ ಅಕ್ಕ. ಎಲ್ಲ ಕೇಳಿಸ್ತು. ಹೋಗಿ ಅವನಿಗೆ ಹೇಳು."

"ಏನಂತ ಹೇಳ್ಲಿ?"

"ಹುಟ್ಟೋ ಮಗು ನನ್ನ ಹಾಗಾಗಬಹುದು ಅಂತ. ಯಾಕೆ, ಮುಖ ಹಾಗ್ಮಾಡ್ತೀಯ? ನಾನಿಲ್ಲೇ ಕೂತಿದ್ದೀನಿ, ಕಾಣಿಸ್ತಿದೆ ನಂಗೆ."

ಅಂಗಳದ ಹಿಮದಲ್ಲಿ ನಿಂತು ಅವಳು ಮೊದಲು ಮಗುವಿನ ವಿಷಯ ಹೇಳಿದಳು. ಜಿಲ್ಬೇರ್ ಟೋಪಿ ಕಿತ್ತು ಗಾಳಿಗೆಸೆದ. ಉಳಿದದ್ದನ್ನು ಹೇಳಿ ಮುಗಿಸುವವರೆಗೂ ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಲೆಯಾಂದ್ರ್‌ಗೆ ಹೇಗೆ ಶುರುವಾಯ್ತು?" ಎಂದು ಕೊನೆಗೆ ಕೇಳಿದ.

"ನಡೆಯೋಕೆ ಕಲಿತ. ಕಲಿತ ಮೇಲೆ ಎಡವೋಕೆ ಶುರು ಮಾಡಿದ. ನಾವೆಲ್ಲ ನಗ್ತಿದ್ವಿ."

ಕುದುರೆ ತಲೆ ಕೊಡವಿತು. ಜಿಲ್ಬೇರ್ ಲಗಾಮನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಭಾನುವಾರ ತಾತನಿಗೆ ಕೂತಿರೋಕೆ ಹೇಳು," ಎಂದ.

ಅಲ್ಮಾ ತಲೆಯಾಡಿಸಿದಳು. ಅವಳಿಗೆ ಬೇಕಾದ ಮಾತು ಅದೇ ಆಗಿತ್ತು. ಆದರೂ ಎದೆ ಹಗುರಾಗಲಿಲ್ಲ.

ಅತಿಥಿಯನ್ನು ಬೀಳ್ಕೊಡಲು ಲೆಯಾಂದ್ರ್ ಕಿಟಕಿಯ ಗಾಜಿನ ಮಂಜು ಒರೆಸಿ ಕೈಯೆತ್ತಿದ. ಜಾರುಬಂಡಿ ಆ ಕಿಟಕಿಯ ಎದುರಿಗೇ ಹಾದುಹೋಯಿತು. ಜಿಲ್ಬೇರ್ ಕುದುರೆಯ ಕಿವಿಗಳ ನಡುವಿನ ದಾರಿಯನ್ನಷ್ಟೇ ನೋಡುತ್ತಿದ್ದ. ಬಂಡಿ ತಿರುವು ದಾಟಿತು. ಲೆಯಾಂದ್ರ್‌ನ ಕೈ ಇನ್ನೂ ಮೇಲೆಯೇ ಇತ್ತು.